ಎಸ್ಟೇಟ್ ಇಂಗ್ಲಿಷ್

ಕೊಡಗಿಗೆ ಬರುವ ನೆಂಟರು ಕೊಡವ ತಕ್ಕ್‌ಗೆ ಹೆದರುತ್ತಾರೆ. ಸುಮ್ನೆ ಹೆದರಿಕೆ. ಅರ್ಥ ಆಗ್ಲಿಲ್ಲ ಅಂದರೆ ಯಾರಾದರೂ ಕನ್ನಡದಲ್ಲಿ ಹೇಳ್ತಾರೆ. ಕೈ ಕೊಡೋದು ನಮ್ಮ ಇಂಗ್ಲಿಷ್. ಅದು ಗೊತ್ತು ಅಂದುಕೊಂಡೇ ಬಂದಿರುತ್ತಾರಲ್ಲ, ಯಾರನ್ನೂ ಕೇಳುವುದಿಲ್ಲ.

ಮಾರ್ಚ್‌ನಲ್ಲಿ ಅಕ್ಕ, ಭಾವ ಬೆಂಗಳೂರಿಂದ ಸಿದ್ದಾಪುರಕ್ಕೆ ಬಂದಿದ್ದರು. ಭಾವನಿಗೆ ಫ್ಯಾಕ್ಟರಿ ಕೆಲಸ, ಅಕ್ಕ ನರ್ಸ್. ಗೇಟಿನ ಹತ್ತಿರ ಸಿಕ್ಕವರನ್ನು "ಇವರು ಪಕ್ಕದ ತೋಟದ ರೈಟರ್" ಅಂತ ಪರಿಚಯಿಸಿದೆ.

"ಏನೇನು ಬರ್ದಿದ್ದೀರಿ ಸಾರ್?" ಭಾವನಿಗೆ ಕುತೂಹಲ.

ರೈಟರ್ ಕಂಕುಳಲ್ಲಿದ್ದ ಚೆಕ್‌ರೋಲ್ ತೆಗೆದು ಕೊಟ್ಟರು. ಯಾರು ಕೆಲಸಕ್ಕೆ ಬಂದರು, ಯಾರು ಚಕ್ಕರ್ ಹೊಡೆದರು, ಎಲ್ಲಾ ಅದರಲ್ಲಿರುತ್ತದೆ. ಭಾವ ಶ್ರದ್ಧೆಯಿಂದ ಪುಟ ತಿರುಗಿಸಿ, "ಪಾತ್ರಗಳು ಸ್ವಲ್ಪ ಜಾಸ್ತಿ ಆಯ್ತು" ಅಂದರು.

ಆ ರಾತ್ರಿ ಒಳ್ಳೆ ಮಳೆ. ಬ್ಲಾಸಂ ಶವರ್! ಅದು ಬಿದ್ದರೆ ಕಾಫಿ ಹೂ ಬಿಡುತ್ತದೆ. ಇಲ್ಲಿ ಮಳೆಯ ಲೆಕ್ಕ ಇಂಚು, ಸೆಂಟಿನಲ್ಲಿ; 100 ಸೆಂಟ್ ಸೇರಿದರೆ ಒಂದು ಇಂಚು. ಬೆಳಗಾದರೆ ಯೋಗಕ್ಷೇಮಕ್ಕೂ ಮೊದಲು ಸೆಂಟ್ ವಿಚಾರಿಸ್ತೀವಿ. ನಾನು ಫೋನಿನಲ್ಲಿ "ನಮಗೆ 80 ಸೆಂಟ್ ಬಂತು" ಅಂದಿದ್ದೇ ತಡ, ಭಾವ ಕಾಫಿ ಲೋಟ ಕೆಳಗಿಟ್ಟರು.

"ಪಾಲು ಆಗೋಯ್ತಾ? ನಿಮ್ಮಕ್ಕನಿಗೆ ಎಷ್ಟು?"

"ಪಾಲಲ್ಲ ಭಾವ, ರಾತ್ರಿ ಬಂದಿದ್ದು. ಪಕ್ಕದವರಿಗೆ ಬರೀ 30."

"ಪಕ್ಕದವರಿಗೂ ಕೊಟ್ರಾ!"

ಅಂಗಳದಲ್ಲಿದ್ದ ಮಳೆಮಾಪಕ ತೋರಿಸಿದ ಮೇಲೇ ಅವರು ತಿಂಡಿಗೆ ಕೂತಿದ್ದು.

ಸಂಜೆ ನೆರೆಮನೆಯವರು ಬಂದು ಜಗಲಿಯಲ್ಲಿ ಕುಸಿದು ಕೂತರು. ಆಗಷ್ಟೇ ಕಾಫಿ ಮಾರಿ ಬಂದಿದ್ದರು. "ಈ ಸಲ ಓಟಿ ತೀರಾ ಮೋಸ. 24ಕ್ಕೇ ನಿಂತೋಯ್ತು."

ಒಣಗಿಸಿದ ಕಾಫಿ ಹಣ್ಣಿಗೆ ಇಲ್ಲಿ ಚೆರ್ರಿ ಅಂತಾರೆ. 50 ಕಿಲೋ ಚೆರ್ರಿ ಮೂಟೆ ಸಿಪ್ಪೆ ಸುಲಿಸಿದರೆ ಎಷ್ಟು ಕಿಲೋ ಬೀಜ ಸಿಗುತ್ತದೋ ಅದು ಓಟಿ. ಔಟ್ ಟರ್ನ್ ಅನ್ನೋಷ್ಟು ಪುರುಸೊತ್ತು ಯಾರಿಗಿದೆ? ಚೆರ್ರಿಯ ರೇಟೆಲ್ಲಾ ಅದರ ಮೇಲೇ. ಒಂದು ಕಿಲೋ ಕಮ್ಮಿ ಬಂದರೂ ಹೊಟ್ಟೆ ಉರಿಯುತ್ತದೆ.

"24 ಗಂಟೆ ಓಟಿ ಮಾಡಿಸಿದ್ರಾ? ಡಬಲ್ ಸಂಬಳ ಕೊಡ್ಬೇಕು, ಬಿಡ್ಬೇಡಿ!" ಭಾವ ಎದ್ದೇ ನಿಂತರು.

ಅಕ್ಕ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿ ಬಂದಳು. "ಅಯ್ಯೋ, ಓಟಿಯಲ್ಲಿ ಏನಾಯ್ತು? ಪೇಶೆಂಟ್ ಹೇಗಿದ್ದಾರೆ?"

ನೆರೆಯವರು ನಿಟ್ಟುಸಿರು ಬಿಟ್ಟರು. "ಏನು ಹೇಳೋದಮ್ಮ. ಬೋರರ್ ಹುಳ ಹಿಡಿದಿದೆ. ಒಳಗೆಲ್ಲಾ ತೂತು."