"ನೀವು ಕುಡಿಯಲ್ಲ ಅಲ್ವಾ?"

ಹನ್ನೊಂದು ವರ್ಷದ ಹಿಂದಿನ ಮಾತು. ನಾನು ಮೂರು ತಿಂಗಳ ಬಸುರಿ. ಇಲ್ಲಿ ಕೆನಡಾದ ವಿನ್ನಿಪೆಗ್‌ನ ಒಂದು ಕ್ಲಿನಿಕ್‌ನಲ್ಲಿ ನರ್ಸ್ ನನ್ನ ಫಾರಂ ತುಂಬುತ್ತಿದ್ದರು. ಶುಗರ್ ಇದೆಯಾ, ಥೈರಾಯ್ಡ್ ಇದೆಯಾ, ಮನೆಯಲ್ಲಿ ಯಾರಿಗಾದರೂ ಬಿಪಿ ಇದೆಯಾ ಅಂತ ಒಂದೊಂದಾಗಿ ಕೇಳಿದರು. ಮದ್ಯದ ಸಾಲು ಬಂದಾಗ ನನ್ನ ಹಣೆಯ ಬೊಟ್ಟು ನೋಡಿ ನಕ್ಕು, "ನೀವು ಕುಡಿಯಲ್ಲ ಅಲ್ವಾ?" ಅಂದರು. ನಾನು ಬಾಯಿ ತೆರೆಯುವ ಮೊದಲೇ ಟಿಕ್ ಬಿದ್ದಿತ್ತು.

ನಾನು ಕುಡಿಯುತ್ತಿರಲಿಲ್ಲ, ನಿಜ. ಕುಡಿಯುವವಳಾಗಿದ್ದರೂ ಹಾಗೆ ಕೇಳಿದ ಮೇಲೆ "ಹೌದು" ಅನ್ನುತ್ತಿರಲಿಲ್ಲ.

ಆ ಟಿಕ್ ಎಷ್ಟು ದೊಡ್ಡದು ಅಂತ ತಿಳಿದದ್ದು ಶಾಲೆಯಲ್ಲಿ ಸಹಾಯಕಿಯಾಗಿ ಸೇರಿದ ಮೇಲೆ. ನನ್ನ ಜೊತೆ ಒಂಬತ್ತು ವರ್ಷದ ಒಬ್ಬ ಹುಡುಗನಿದ್ದ. ತಾಯಿ ತೀರಿಕೊಂಡಿದ್ದರು, ಬೇರೆಯವರ ಮನೆಯಲ್ಲಿ ಬೆಳೆಯುತ್ತಿದ್ದ. ಸೋಮವಾರ ಮೂರರ ಮಗ್ಗಿ ಪಟಪಟ ಹೇಳುತ್ತಿದ್ದ. ಮಂಗಳವಾರ ಕೇಳಿದರೆ, ಮಗ್ಗಿ ಅನ್ನೋದನ್ನೇ ಕೇಳಿಲ್ಲ ಅನ್ನುವಂತೆ ನನ್ನ ಮುಖ ನೋಡುತ್ತಿದ್ದ. "ಬೂಟು ಬಿಚ್ಚು, ಬ್ಯಾಗ್ ಇಡು, ಪುಸ್ತಕ ತಗೊಂಡು ಕೂತ್ಕೋ" ಅಂದರೆ ಬೂಟು ಬಿಚ್ಚಿ ಅಲ್ಲೇ ನಿಂತುಬಿಡುತ್ತಿದ್ದ. ಹಠಮಾರಿ ಅಂದರು ಎಲ್ಲರೂ. ನಾನೂ ಅಂದೆ. ಆಟದ ಸಮಯದಲ್ಲಿ ಒಳಗೇ ಕೂರಿಸಿದ್ದೂ ಇದೆ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅವನಿಗಿದ್ದದ್ದು ಎಫ್‌ಎಎಸ್‌ಡಿ, ಅಂದರೆ ಫೀಟಲ್ ಆಲ್ಕೋಹಾಲ್ ಸ್ಪೆಕ್ಟ್ರಮ್ ಡಿಸಾರ್ಡರ್. ತಾಯಿ ಬಸುರಿಯಾಗಿದ್ದಾಗ ಕುಡಿದ ಮದ್ಯ ಮಗುವಿನ ಮಿದುಳಿಗೆ ಮಾಡುವ, ಜೀವನಪೂರ್ತಿ ಉಳಿಯುವ ತೊಂದರೆ. 1968ರಲ್ಲಿ ಫ್ರಾನ್ಸಿನ ನಾಂತ್ ಊರಿನ ಡಾಕ್ಟರ್ ಪಾಲ್ ಲೆಮ್ವಾನ್ ಇಂಥ 127 ಮಕ್ಕಳ ಬಗ್ಗೆ ಬರೆದರು. 1973ರಲ್ಲಿ ಅಮೆರಿಕದ ಸಿಯಾಟಲ್‌ನ ಡಾಕ್ಟರುಗಳಾದ ಜೋನ್ಸ್ ಮತ್ತು ಸ್ಮಿತ್ ಅದಕ್ಕೆ ಮೊದಲು 'ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್' ಅಂತ ಹೆಸರಿಟ್ಟರು. ಆಗಿನಿಂದ ಜನ ಮೊದಲು ಹುಡುಕುವುದು ಮುಖವನ್ನೇ. ಸಣ್ಣ ಕಣ್ಣು, ತೆಳು ಮೇಲ್ತುಟಿ, ಮೂಗಿನ ಕೆಳಗಿನ ಗುಳಿ ಸಪಾಟು.

ಆದರೆ ಮುಖಕ್ಕೆ ಪೆಟ್ಟು ಬೀಳುವುದು ಗರ್ಭದ ಮೂರನೇ ವಾರದ ಆಸುಪಾಸಿನ ಕೆಲವೇ ದಿನಗಳಲ್ಲಿ. ಎಷ್ಟೋ ಹೆಂಗಸರಿಗೆ ಆಗ ಬಸುರಿ ಅಂತಲೇ ಗೊತ್ತಿರಲ್ಲ. ಮಿದುಳು ಮಾತ್ರ ಒಂಬತ್ತು ತಿಂಗಳೂ ಬೆಳೆಯುತ್ತಿರುತ್ತದೆ. ಹಾಗಾಗಿ ಈ ತೊಂದರೆ ಇರುವ ಹೆಚ್ಚಿನ ಮಕ್ಕಳ ಮುಖ ನಮ್ಮ ನಿಮ್ಮ ಮಕ್ಕಳ ಮುಖದ ಹಾಗೇ ಇರುತ್ತದೆ. ನಮ್ಮ ಹುಡುಗನದೂ ಹಾಗೇ ಇತ್ತು.

ಇದನ್ನು ಪತ್ತೆ ಮಾಡುವ ಬಗ್ಗೆ ಕೆನಡಾದ 2016ರ ಮಾರ್ಗಸೂಚಿ ಹೇಳುವುದು ಇಷ್ಟು. ನೆನಪು, ಗಮನ, ಭಾಷೆ, ಸಿಟ್ಟು ತಡೆಯುವುದು ಹೀಗೆ ಮಿದುಳಿನ ಹತ್ತು ಕೆಲಸಗಳನ್ನು ನೋಡಬೇಕು. ಕನಿಷ್ಠ ಮೂರರಲ್ಲಿ ತೀವ್ರ ತೊಂದರೆ ಇರಬೇಕು. ಮುಖದ ಮೂರೂ ಗುರುತು ಇದ್ದರೆ ತಾಯಿ ಕುಡಿದಿದ್ದರು ಅನ್ನುವ ಮಾಹಿತಿ ಸಿಗದಿದ್ದರೂ ನಡೆಯುತ್ತದೆ. ಆ ಗುರುತು ಇಲ್ಲದಿದ್ದರೆ ತಾಯಿ ಕುಡಿದಿದ್ದರು ಅನ್ನುವುದು ಖಚಿತವಾಗಲೇಬೇಕು.

ನಮ್ಮ ಹುಡುಗ ಸಿಕ್ಕಿಕೊಂಡಿದ್ದು ಅಲ್ಲೇ. ತಾಯಿಯ ಹಳೆಯ ದಾಖಲೆಯಲ್ಲಿ ಮದ್ಯದ ಜಾಗ ಖಾಲಿ. "ಇಲ್ಲ" ಅಂತ ಬರೆದಿಲ್ಲ, ಏನೂ ಬರೆದಿಲ್ಲ. ಎರಡು ವರ್ಷ ಕಳೆಯಿತು. ಕೊನೆಗೆ ತಾಯಿಯ ತಂಗಿ ಸಿಕ್ಕರು. "ಅಕ್ಕ ಆಗ ಕುಡೀತಿದ್ದಳು. ಅವಳನ್ನು ಯಾರೂ ನೆಟ್ಟಗೆ ಕೇಳಲೇ ಇಲ್ಲ" ಅಂದರು.

ಈಗ ಅವನಿಗೆ ಒಂದು ಸಲಕ್ಕೆ ಒಂದೇ ಮಾತು ಹೇಳುತ್ತೇವೆ. ಮೇಜಿನ ಮೇಲೆ ಚಿತ್ರದ ಪಟ್ಟಿ ಅಂಟಿಸಿದ್ದೇವೆ: ಬೂಟು, ಬ್ಯಾಗ್, ಪುಸ್ತಕ. ಮಗ್ಗಿ ದಿನಾ ಹೊಸದಾಗಿ ಶುರು. ಅವನು ಬದಲಾಗಲಿಲ್ಲ, ನಾವು ಬದಲಾದೆವು. ರೋಗಕ್ಕೆ ಹೆಸರು ಸಿಕ್ಕಿದ್ದರಿಂದ ಆದದ್ದು ಅದು.

ಅಮೆರಿಕದ ನಾಲ್ಕು ಕಡೆ ಒಂದನೇ ತರಗತಿ ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2018ರಲ್ಲಿ ಬಂತು. ತೊಂದರೆ ಕಂಡದ್ದು 222 ಮಕ್ಕಳಲ್ಲಿ. ಅದಕ್ಕೂ ಮೊದಲೇ ಇದು ಪತ್ತೆಯಾಗಿದ್ದದ್ದು ಇಬ್ಬರಲ್ಲಿ ಮಾತ್ರ. ಉಳಿದ 220 ಮಕ್ಕಳಲ್ಲಿ ಎಷ್ಟು ಜನ ಹಠಮಾರಿ ಅನ್ನಿಸಿಕೊಂಡಿರಬಹುದು!

ಇಲ್ಲಿನ ಮೂಲನಿವಾಸಿ ಹೆಂಗಸರನ್ನು ಈ ಪ್ರಶ್ನೆ ಕೇಳುವಾಗ ದನಿಯಲ್ಲೇ ಅನುಮಾನ ಇರುತ್ತದೆ. ನನ್ನನ್ನು ಕೇಳಲೇ ಇಲ್ಲ. ಎರಡೂ ತಪ್ಪು. ಬಸುರಿಯರೆಲ್ಲರಿಗೂ ಒಂದೇ ಮಾತಿನಲ್ಲಿ ಕೇಳಿ: "ಬಸುರಿ ಅಂತ ಗೊತ್ತಾಗೋ ಮುಂಚೆ ವಾರಕ್ಕೆ ಎಷ್ಟು ಸಲ ಕುಡೀತಿದ್ರಿ? ಈಗ?" ಹೇಳಿದವಳನ್ನು ಬೈಯಬೇಡಿ. ಯಾವ ತಿಂಗಳಲ್ಲಿ ನಿಲ್ಲಿಸಿದರೂ ಮಗುವಿಗೆ ಒಳ್ಳೆಯದೇ.

ಊರಿಗೆ ಬಂದಾಗ ಇದನ್ನು ಹೇಳಿದರೆ "ಅದೆಲ್ಲ ಆ ದೇಶದ್ದು, ನಮ್ಮಲ್ಲೆಲ್ಲಿ" ಅಂತಾರೆ. ನಾನು ಮಲೆನಾಡಿನವಳು. ತೋಟದ ಲೈನ್ ಮನೆಗಳಲ್ಲಿ ಸಂಜೆ ಹೆಂಗಸರೂ ಕುಡಿಯುವುದನ್ನು ಕಂಡೇ ಬೆಳೆದೆ. ಬೆಂಗಳೂರಿನ ಪಾರ್ಟಿಗಳಲ್ಲೂ ಕಂಡಿದ್ದೇನೆ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಇದರ ಹೆಸರಿಲ್ಲ.

ನನ್ನ ಫ್ರೆಂಡ್ಸ್ ಲಿಸ್ಟಿನಲ್ಲಿ ಡಾಕ್ಟರುಗಳು, ನರ್ಸ್‌ಗಳು, ಆಶಾ ಅಕ್ಕಂದಿರು ಇದ್ದೀರಿ. ನಿಮ್ಮ ಕಡೆ ಈ ಪ್ರಶ್ನೆ ಕೇಳ್ತೀರಾ? ಯಾವ ಮಾತಿನಲ್ಲಿ ಕೇಳ್ತೀರಿ? ಕಾಮೆಂಟಿನಲ್ಲಿ ಹಾಗೇ ಬರೆಯಿರಿ.