ಈ ಮುಳ್ಳು ಹಿಂದಕ್ಕೂ ಹೋಗಿದೆ

ಡೂಮ್ಸ್‌ಡೇ ಗಡಿಯಾರ ಅಂದ್ರೆ ಲೋಕ ಸರ್ವನಾಶಕ್ಕೆ ಎಷ್ಟು ಹತ್ತಿರ ಇದೆ ಅಂತ ಅಮೆರಿಕದ ಅಣುವಿಜ್ಞಾನಿಗಳ ಪತ್ರಿಕೆಯೊಂದು ತೋರಿಸುವ ಸಾಂಕೇತಿಕ ಗಡಿಯಾರ; ಅದರಲ್ಲಿ ಮಧ್ಯರಾತ್ರಿ ಹನ್ನೆರಡು ಅಂದ್ರೆ ಸರ್ವನಾಶ. ಇದು ಬೈಬಲ್ಲಿನ ಕಡೆಯ ದಿನವೇ, ವಿಜ್ಞಾನಿಗಳು ಅದಕ್ಕೆ ಬೇರೆ ಅಂಗಿ ತೊಡಿಸಿದ್ದಾರೆ ಅಷ್ಟೇ ಅಂತ ಈ ಗಡಿಯಾರದ ಬಗೆಗಿನ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಅರ್ಧ ಒಪ್ಪುತ್ತೇನೆ. ಆ ಮಧ್ಯರಾತ್ರಿಗೆ ಹಳೇ ನೆಂಟಸ್ತಿಕೆ ಇದೆ: ಮತ್ತಾಯನ ಸುವಾರ್ತೆಯಲ್ಲಿ ಹತ್ತು ಕನ್ಯೆಯರು ಕಾದು ಕಾದು ನಿದ್ದೆ ಹೋದಾಗ ಮದಲಿಂಗ ಬಂದ ಅನ್ನುವ ಕೂಗು ಕೇಳುವುದು ನಡುರಾತ್ರಿಯಲ್ಲೇ, ಅಮೆರಿಕದಲ್ಲಿ ಯೇಸು ಬೇಗ ಮರಳಿ ಬರುತ್ತಾನೆ ಅಂತ ಸಾರಿದ ಬೋಧಕ ವಿಲಿಯಂ ಮಿಲ್ಲರ್‌ನ ಹಿಂಬಾಲಕರು 1840ರ ದಶಕದಲ್ಲಿ ತಮ್ಮ ಪತ್ರಿಕೆಗೇ 'ಮಧ್ಯರಾತ್ರಿಯ ಕೂಗು' ಅಂತ ಹೆಸರಿಟ್ಟಿದ್ದರು.

ಆದರೆ ಮಿಲ್ಲರ್ ಕಡೆಯವರಿಗೆ ತಾರೀಖೂ ಗೊತ್ತಿತ್ತು, 1844ರ ಅಕ್ಟೋಬರ್ 22. ಹೊಲದ ಆಲೂಗಡ್ಡೆ ಕೀಳದೆ ಕಾದವರೂ ಇದ್ದರು, ಪಾಪ. ಈ ಗಡಿಯಾರಕ್ಕೆ ತಾರೀಖೇ ಇಲ್ಲ. 1947ರಲ್ಲಿ ಮುಳ್ಳು ಹನ್ನೆರಡಕ್ಕೆ ಏಳು ನಿಮಿಷ ಮೊದಲು ನಿಂತಿದ್ದು ಯಾವ ಲೆಕ್ಕದಿಂದಲೂ ಅಲ್ಲ, ಆ ಪತ್ರಿಕೆಯ ಮುಖಪುಟದ ಚಿತ್ರ ಬರೆದ ಕಲಾವಿದೆ ಮಾರ್ಟಿಲ್ ಲ್ಯಾಂಗ್ಸ್‌ಡಾರ್ಫ್ ಅವರ ಕಣ್ಣಿಗೆ ಹಾಗೆ ಚೆನ್ನಾಗಿ ಕಂಡಿತು ಅಂತ! 1991ರಲ್ಲಿ ಅಮೆರಿಕ, ಸೋವಿಯತ್ ಎರಡೂ ಅಣ್ವಸ್ತ್ರ ಇಳಿಸುವ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಅದೇ ಮುಳ್ಳನ್ನು ಹನ್ನೆರಡಕ್ಕೆ 17 ನಿಮಿಷ ಇರುವಲ್ಲಿಗೆ ಹಿಂದೆ ತಳ್ಳಿದರು. ಲೋಕಾಂತ್ಯ ಹೇಳುವ ಬೈಬಲ್ಲಿನ ಕಡೆಯ ಪುಸ್ತಕ ಪ್ರಕಟನೆ ಗ್ರಂಥದಲ್ಲಿ ಸುರುಳಿಯ ಏಳನೇ ಮುದ್ರೆ ಒಡೆದ ಮೇಲೆ ಯಾರಾದರೂ ಸಹಿ ಹಾಕಿ ಅದನ್ನು ಮತ್ತೆ ಅಂಟಿಸಲು ಆಗುತ್ತಾ ಸಾರ್?