ಆಯೋಜಕರ ಖರ್ಚಿನಲ್ಲಿ ಉತ್ಸವಕ್ಕೆ ಹೋಗಿ ಬರೆಯಬಹುದೇ?

ಪರ: ಹೋಗದಿದ್ದರೆ ಬರೆಯುವವರು ಯಾರು?

ದೂರದ ಊರಿನಲ್ಲಿ ಐದು ದಿನದ ನಾಟಕೋತ್ಸವ. ಪತ್ರಿಕೆಯ ಸಿಬ್ಬಂದಿಯಾದರೆ ಸಂಬಳದ ಜೊತೆ ಪ್ರಯಾಣ ಭತ್ಯೆಯೂ ಸಿಗುತ್ತದೆ. ಫ್ರೀಲಾನ್ಸ್ ಪತ್ರಕರ್ತರಿಗೆ ಸಿಗುವುದು ಅಚ್ಚಾದ ಬರಹದ ಸಂಭಾವನೆ ಮಾತ್ರ, ಅದೂ ಎಷ್ಟೋ ಸಲ ತಿಂಗಳುಗಟ್ಟಲೆ ಕಾದ ಮೇಲೆ. ಸಂಪಾದಕರು "ಹೋಗಿ ಬನ್ನಿ, ಚೆನ್ನಾಗಿದ್ದರೆ ಹಾಕೋಣ" ಅನ್ನುತ್ತಾರೆ. ಹಾಕದಿದ್ದರೆ? ರೈಲು, ರೂಮು, ಊಟ ಎಲ್ಲ ಕೈಯಿಂದಲೇ ಹೋಯಿತು.

ಇಂಥ ಹೊತ್ತಿನಲ್ಲಿ ಆಯೋಜಕರು ಟಿಕೆಟ್ ಕಳಿಸಿದರೆ ಬೇಡ ಅನ್ನಬೇಕಂತೆ. ಮನೆಯಲ್ಲಿ ಅನುಕೂಲ ಇದ್ದವರು ಸುಲಭವಾಗಿ ಬೇಡ ಅಂದಾರು. ಉಳಿದವರು ಏನು ಮಾಡಬೇಕು? ಕಾಸಿದ್ದವರೇ ಕಲೆಯ ಬಗ್ಗೆ ಬರೆಯುವಂತಾದರೆ ಅದೂ ಒಂದು ಪಕ್ಷಪಾತವೇ ಅಲ್ವಾ?

ಈ ಕೆಲಸದಲ್ಲಿ ಉಚಿತ ಅನ್ನುವುದು ಹೊಸದೂ ಅಲ್ಲ. ಪ್ರಕಾಶಕರು ವಿಮರ್ಶೆಗೆ ಪುಸ್ತಕ ಕಳಿಸುತ್ತಾರೆ. ರಂಗತಂಡಗಳು ಪಾಸ್ ಕೊಡುತ್ತವೆ. ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಂತೂ ಪತ್ರಕರ್ತರ ಪಾಸಿಗೆ ಬಣ್ಣಗಳ ದರ್ಜೆಯೇ ಇದೆ: ಬಿಳಿಗೆ ಮೊದಲ ಮಣೆ, ಹಳದಿಗೆ ಕೊನೆಯದು. ಒಳಗೆ ಬಿಡುವ ಬಾಗಿಲೇ ಉತ್ಸವದವರ ಕೈಯಲ್ಲಿರುವಾಗ ರೂಮಿನ ಬಾಡಿಗೆ ಒಂದನ್ನೇ ಹಿಡಿದು ಜಗಳವಾಡುವುದು ಯಾಕೆ? ಬರಹದ ಕೆಳಗೆ "ಪ್ರಯಾಣ, ವಸತಿಯ ಖರ್ಚು ಆಯೋಜಕರದು" ಅಂತ ಒಂದು ಸಾಲು ಹಾಕಿ. ಎಷ್ಟು ನಂಬಬೇಕು ಅನ್ನುವುದನ್ನು ಓದುಗರು ನೋಡಿಕೊಳ್ಳುತ್ತಾರೆ.

ವಿರೋಧ: ಅತಿಥಿಯಾದವರು ಕೇಳದ ಪ್ರಶ್ನೆಗಳು

ಪುಸ್ತಕದ ಪ್ರತಿಯನ್ನೂ ಹೋಟೆಲ್ ರೂಮನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬಾರದು. ಪುಸ್ತಕ ಓದದೆ ವಿಮರ್ಶೆ ಇಲ್ಲ, ನಾಟಕ ನೋಡದೆ ವರದಿ ಇಲ್ಲ. ಅವು ಕೆಲಸದ ಕಚ್ಚಾ ಸಾಮಗ್ರಿ. ರೂಮು ಹಾಗಲ್ಲ, ಅದು ಉಪಚಾರ. ಉಂಡ ಮನೆಗೆ ಎರಡು ಬಗೆಯಬಾರದು ಅಂತ ಕಲಿತು ಬೆಳೆದವರು ನಾವು. ಬದುಕಿನಲ್ಲಿ ಒಳ್ಳೆಯದೇ ಆದ ಈ ಗುಣ ಪತ್ರಕರ್ತರ ಕೈ ಕಟ್ಟುತ್ತದೆ.

ಸುಮ್ನೆ ಹೊಗಳಿಬಿಡುತ್ತಾರೆ ಅನ್ನುವ ಭಯ ನನಗಿಲ್ಲ. ಅನುಭವಸ್ಥರು ಆಯೋಜಕರ ಕಾರಿನಲ್ಲಿ ಓಡಾಡಿಯೂ ನಾಟಕ ಸಪ್ಪೆಯಾಗಿತ್ತು ಅಂತ ಬರೆಯಬಲ್ಲರು. ಆದರೆ ಸಂಸ್ಕೃತಿಯ ವರದಿ ಅಂದರೆ ವಿಮರ್ಶೆ ಮಾತ್ರವೇ? ಕಲಾವಿದರಿಗೆ ಸಂಭಾವನೆ ಸಿಕ್ಕಿತೇ? ಆಯ್ಕೆ ಸಮಿತಿಯಲ್ಲಿ ಯಾರಿದ್ದರು, ಅವರ ಶಿಷ್ಯರ ತಂಡಗಳು ಎಷ್ಟು ಬಂದವು? ಪ್ರಾಯೋಜಕರ ಮಾತಿಗೆ ಯಾವ ಗೋಷ್ಠಿ ರದ್ದಾಯಿತು? ಬೆಳಗ್ಗೆ ಉಪ್ಪಿಟ್ಟು ಬಡಿಸಿಕೊಂಡು ಪಕ್ಕದಲ್ಲೇ ಕೂತವರನ್ನು ಮಧ್ಯಾಹ್ನ ಇದನ್ನೆಲ್ಲ ಕೇಳುವುದು ಕಷ್ಟ. ಮುಂದಿನ ವರ್ಷದ ಆಹ್ವಾನವೂ ಅವರಿಂದಲೇ ಬರಬೇಕಲ್ಲ. ಸಮಯವೂ ಅವರ ಕೈಗೇ ಹೋಗುತ್ತದೆ: ಕಾರು ಮುಖ್ಯ ವೇದಿಕೆಗೆ ಬಿಡುತ್ತದೆ, ಆಮೇಲೆ ಪ್ರೆಸ್ ಮೀಟ್, ಆಮೇಲೆ ಊಟ. ಊರಿನ ಇನ್ನೊಂದು ಮೂಲೆಯಲ್ಲಿ ಆಹ್ವಾನ ಸಿಗದ ತಂಡ ಏನು ಆಡುತ್ತಿದೆ ಅಂತ ನೋಡಲು ಬಿಡುವೇ ಇರುವುದಿಲ್ಲ.

ಖರ್ಚು ಯಾರದು ಅಂತ ಹೇಳುವ ಸಾಲು ಬೇಕು, ಸರಿ. ಆದರೆ ಬರೆಯದೆ ಬಿಟ್ಟಿದ್ದು ಏನು ಅಂತ ಆ ಸಾಲು ಹೇಳುವುದಿಲ್ಲ. ಅಮೆರಿಕದ ಸೊಸೈಟಿ ಆಫ್ ಪ್ರೊಫೆಷನಲ್ ಜರ್ನಲಿಸ್ಟ್ಸ್ ಸಂಘದ ನೀತಿಸಂಹಿತೆ ಉಡುಗೊರೆಯ ಜೊತೆಗೆ ಉಚಿತ ಪ್ರಯಾಣವನ್ನೂ ನಿರಾಕರಿಸಿ ಅನ್ನುತ್ತದೆ. ನ್ಯೂಯಾರ್ಕ್ ಟೈಮ್ಸ್ ತನ್ನ ಇಂಥ ನಿಯಮವನ್ನು ಫ್ರೀಲಾನ್ಸ್‌ನವರಿಗೂ ಅನ್ವಯಿಸುತ್ತದೆ.

ಸಂಬಳವಿಲ್ಲದವರಿಗೆ ಈ ನಿಯಮ ಜಾಸ್ತಿ ಭಾರ ಅನ್ನುವುದು ನಿಜ. ಆದರೆ ಆ ಭಾರವನ್ನು ಹೊರಬೇಕಾದದ್ದು ಬರಹ ಬೇಕೆನ್ನುವ ಪತ್ರಿಕೆ. ಹೊರಡುವ ಮೊದಲೇ ಪ್ರಯಾಣದ ಖರ್ಚು ಎಷ್ಟು, ಬರಹ ಹಾಕದಿದ್ದರೆ ಎಷ್ಟು ಕೊಡುತ್ತಾರೆ ಅನ್ನುವುದನ್ನು ಇಮೇಲಿನಲ್ಲಿ ಬರೆಸಿಕೊಳ್ಳಬೇಕು. ಒಂದೇ ಪ್ರಯಾಣದಲ್ಲಿ ಒಂದು ಪತ್ರಿಕೆಗೆ ಸಂದರ್ಶನ, ಇನ್ನೊಂದಕ್ಕೆ ವಿಮರ್ಶೆ ಒಪ್ಪಿಕೊಂಡರೆ ಖರ್ಚು ಹಂಚಿಹೋಗುತ್ತದೆ. ಅಷ್ಟಾದರೂ ಸಾಲದಿದ್ದರೆ ಐದು ದಿನದ ಬದಲು ಎರಡೇ ದಿನ ಹೋಗಲಿ, ಎರಡು ದಿನದ್ದನ್ನೇ ಬರೆಯಲಿ.